ಕಳವಾದ ಗುಂಡಿ

ಸೆಪ್ಟೆಂಬರ್ ತಿಂಗಳ ಮೂರನೇ ಸೋಮವಾರ ಬೆಳಗ್ಗೆ ವಾಂಡರ್ಲೇ ಟೊಸ್ಕಾನೊ ಏದುಸಿರು ಬಿಡುತ್ತ ಮೊರೋ ಅಲೆಗ್ರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ, ಇನ್‌ಸ್ಪೆಕ್ಟರ್ ಒದಿಲೋನ್ ಇನ್ನೂ ಮೊದಲ ಲೋಟ ಕಾಫಿ ಮುಗಿಸಿರಲಿಲ್ಲ.

"ದೂರು ಕೊಡ್ಬೇಕು ಸಾಹೇಬ್ರೇ. ಕಳ್ಳತನ."

"ಏನು ಹೋಯ್ತು?"

"ನನ್ನ ಗುಂಡಿ."

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಜುಸಾರಾ ತಲೆಯೆತ್ತಿದಳು. "ಅಂಗೀದಾ?"

"ರಸ್ತೇದು ಕಣಮ್ಮಾ! ಕಿತ್ತಳೆ ಬೀದಿ ಗುಂಡಿ! ರಾತ್ರೋ ಹಗಲೋ ಯಾರೋ ಮುಚ್ಚಿಬಿಟ್ಟಿದಾರೆ!"

ಆ ಗುಂಡಿಯನ್ನು ಅರಿಯದವರು ಊರಲ್ಲಿರಲಿಲ್ಲ. ನಗರಸಭೆ ಚುನಾವಣೆಗೆ ಇನ್ನು ಮೂರೇ ವಾರ ಉಳಿದಿತ್ತು. ಮೂರು ಸಲ ಗೆದ್ದು ಕುರ್ಚಿಗೆ ಅಂಟಿಕೊಂಡಿದ್ದ ಸದಸ್ಯ ಜೆನೇಜಿಯೊ ಪ್ರಾತೆಸ್ ಎದುರು ಈ ಬಾರಿ ನಿಂತವನು ಅವನ ಷಡ್ಡಕನೇ ಆದ ಟೈರ್ ಅಂಗಡಿಯ ವಾಂಡರ್ಲೇ. ಅವನ ಪ್ರಚಾರಕ್ಕೆಲ್ಲ ಆ ಗುಂಡಿಯೇ ಬಂಡವಾಳ. ಅದರ ನೀರಿಗೆ ಮೀನು ಬಿಟ್ಟ, ದಡದಲ್ಲಿ ಬಾಳೆಗಿಡ ನೆಟ್ಟ, ಆಗಸ್ಟ್‌ನಲ್ಲಿ ಅದಕ್ಕೆ ಏಳು ವರ್ಷ ತುಂಬಿತೆಂದು ಕೇಕ್ ಕತ್ತರಿಸಿ ಬೀದಿಗೆಲ್ಲ ಹಂಚಿದ. ಜೆನೇಜಿಯೊಗೆ ಅದನ್ನು ಮುಚ್ಚಿಸುವುದು ಒಂದು ದಿನದ ಕೆಲಸ. ಮುಚ್ಚಿಸಿದರೆ ಷಡ್ಡಕನಿಗೆ ಹೆದರಿದಂತಾಗುತ್ತದಲ್ಲ! ಹಾಗಾಗಿ ಮೈಕು ಹಿಡಿದಾಗಲೆಲ್ಲ ಅವನದು ಒಂದೇ ಮಾತು: "ಅದು ಗುಂಡಿ ಅಲ್ಲ. ಸ್ವಲ್ಪ ತಗ್ಗು."

"ಗುಂಡಿ ಮುಚ್ಚೋದು ಅಪರಾಧ ಅಲ್ಲ ಕಣಯ್ಯಾ," ಎಂದ ಒದಿಲೋನ್.

"ನಾಳಿದ್ದು ಅದರ ಮುಂದೆ ನನ್ನ ದೊಡ್ಡ ಸಭೆ! ಇನ್ನು ನಾನು ಏನು ತೋರಿಸ್ಲಿ?"

ಅವನನ್ನು ಸಾಗಹಾಕಬೇಕು ಅನ್ನುವಷ್ಟರಲ್ಲಿ ಎರಡನೇ ದೂರು ಬಂತು. ಶಾಲೆಯ ಕಾಂಪೌಂಡ್ ಕಟ್ಟುತ್ತಿದ್ದ ಮೇಸ್ತ್ರಿ, ನಗರಸಭೆಯ ಸಿಮೆಂಟ್ ಚೀಲಗಳೂ ಒಂದು ತಳ್ಳುಬಂಡಿಯೂ ಕಾಣೆಯಾಗಿವೆ ಎಂದ. ಇದು ಅಪರಾಧವೇ. ಎಫ್‌ಐಆರ್ ದಾಖಲಾಯಿತು. ಒದಿಲೋನ್ ಟೋಪಿ ಹಾಕಿಕೊಂಡು ಎದ್ದ.

ಕಿತ್ತಳೆ ಬೀದಿಯಲ್ಲಿ ಜನ ಸಾವಿನ ಮನೆಗೆ ಬಂದವರಂತೆ ಗುಂಪುಗೂಡಿದ್ದರು. ಗುಂಡಿಯಿದ್ದ ಜಾಗ ತಟ್ಟೆಯಂತೆ ಸಮತಟ್ಟಾಗಿತ್ತು. ಮೀನುಗಳನ್ನು ಯಾರೋ ಬಕೆಟ್ಟಿಗೆ ತುಂಬಿ, ನೆರಳು ಹುಡುಕಿ ಇಟ್ಟು ಹೋಗಿದ್ದರು.

"ಮರ್ಯಾದಸ್ಥ ಕಳ್ಳ," ಎಂದಳು ಜುಸಾರಾ, ಪಂಚನಾಮೆ ಬರೆಯುತ್ತ.

ಎದುರು ಮನೆಯ ಮುದುಕನನ್ನು ಒದಿಲೋನ್ ಕೇಳಿದ. "ನಿನ್ನೆ ಸಂಜೆ ನೋಡಿದ್ರಾ?"

"ಮುಚ್ಚಿರಲಿಲ್ಲ, ಮುಚ್ಚಿತ್ತು."

"ಎರಡರಲ್ಲಿ ಯಾವುದು?"

"ಮ್ಯಾಚ್‌ಗೆ ಮುಂಚೆ ಮುಚ್ಚಿರಲಿಲ್ಲ. ಮ್ಯಾಚ್ ಆದ್ಮೇಲೆ ಮುಚ್ಚಿತ್ತು."

"ನೀವೇನೂ ನೋಡ್ಲಿಲ್ವಾ?"

ಮುದುಕ ಅವನನ್ನು ಕನಿಕರದಿಂದ ನೋಡಿದ. "ಫುಟ್‌ಬಾಲ್ ಫೈನಲ್ ಸ್ವಾಮಿ. ನೀವು ಬೀದೀಲಿದ್ರಾ?"

ಒದಿಲೋನ್ ಇರಲಿಲ್ಲ. ಊರಿನ ಕಳ್ಳರೂ ಇದ್ದಿರಲಾರರು.

ಜೆನೇಜಿಯೊನ ವಿಚಾರಣೆ ಅಲ್ಲೇ ಆಯಿತು. "ನೀವು ಮುಚ್ಚಿಸಿದ್ರಾ?"

"ಇಲ್ದಿರೋ ಗುಂಡೀನ ಹೇಗೆ ಮುಚ್ಚಿಸ್ಲಿ?"

"ಹಾಗಾದ್ರೆ ಈ ಸಿಮೆಂಟ್ ಯಾವುದರ ಮೇಲಿದೆ?"

"ತಗ್ಗಿನ ಮೇಲೆ," ಎಂದ ಜೆನೇಜಿಯೊ, ಮುಖ ಗಂಟಿಕ್ಕಿ.

ಒದಿಲೋನ್ ಮೊಣಕಾಲೂರಿ ಬಗ್ಗಿದ. ಗಾರೆ ಕೆಲಸದವನ ಕರಣೆ ತಾಗಿದ ಗುರುತೇ ಇರಲಿಲ್ಲ. ಉದ್ದನೆಯದೇನನ್ನೋ ಉರುಳಿಸಿ ಮಟ್ಟ ಮಾಡಿದ್ದರು. ಅಂಚಿನುದ್ದಕ್ಕೂ ಒತ್ತಾಗಿ ಸಣ್ಣ ಸಣ್ಣ ಗೀರುಗಳಿದ್ದವು: ಮೂರು ಗೀರು, ಒಂದು ಖಾಲಿ, ಮತ್ತೆ ಮೂರು ಗೀರು. ಅವನ ಬಾಯಲ್ಲಿ ನೀರೂರಿತು. ಯಾಕೆಂದು ತಿಳಿಯಲು ಒಂದು ನಿಮಿಷ ಹಿಡಿಯಿತು.

ಪಸ್ತೆಲ್! ಗಿಣ್ಣು ತುಂಬಿದ ಆ ಕರಿಗಡುಬಿನ ಅಂಚನ್ನು ಮುಳ್ಳುಚಮಚದಿಂದ ಹೀಗೆಯೇ ಒತ್ತುತ್ತಾರೆ. ಒಂದು ಹಲ್ಲು ಮುರಿದ ಮುಳ್ಳುಚಮಚದ ಗುರುತಿನ ಪಸ್ತೆಲ್‌ಗಳನ್ನು ಅವನು ಹನ್ನೊಂದು ವರ್ಷ ತಿಂದಿದ್ದ, ಇದೇ ಗುಂಡಿಯ ಎದುರಿನ ಅಂಗಡಿಯಲ್ಲಿ. ಅಂಗಡಿ ಅಕ್ಕ ನೇಯ್ದೆ ಮತ್ತು ತಂಗಿ ಇವೊನೆಯದು. ನೇಯ್ದೆ ಜೆನೇಜಿಯೊನ ಹೆಂಡತಿ, ಇವೊನೆ ವಾಂಡರ್ಲೇಯ ಹೆಂಡತಿ. ಪ್ರಚಾರ ಶುರುವಾದ ದಿನವೇ ಗಂಡಂದಿರು ಅಂಗಡಿಗೆ ಬೀಗ ಜಡಿಸಿ, ಪಾತ್ರೆಪಗಡ ಪಾಲು ಮಾಡಿ, ಅಕ್ಕತಂಗಿಯರು ಮಾತಾಡಕೂಡದೆಂದು ಆಣೆ ಹಾಕಿಸಿದ್ದರು. ಲಟ್ಟಣಿಗೆ ಅಕ್ಕನಿಗೆ ಬಂತು, ಮುಳ್ಳುಚಮಚ ತಂಗಿಗೆ. ಅಂದಿನಿಂದ ಸಂತೆಯಲ್ಲಿ ಅಕ್ಕನ ಪಸ್ತೆಲ್ ಎಣ್ಣೆಯಲ್ಲಿ ಬಾಯಿಬಿಡುತ್ತಿತ್ತು, ತಂಗಿಯದು ಹಲ್ಲಿಗೇ ಜಗ್ಗುತ್ತಿರಲಿಲ್ಲ.

ಒಬ್ಬಳಿಂದ ಆದ ಕೆಲಸವಲ್ಲ ಇದು. ಆದರೆ ಮಾತೇ ಬಿಟ್ಟವರು ಸೇರಿದ್ದು ಹೇಗೆ?

ಮಧ್ಯಾಹ್ನ ಎರಡು ಗಂಟೆಗೆ ಇಬ್ಬರನ್ನೂ ಠಾಣೆಗೆ ಕರೆಸಿ ಬೇರೆ ಬೇರೆ ಕೋಣೆಯಲ್ಲಿ ಕೂರಿಸಲಾಯಿತು.

"ಸಿಮೆಂಟ್ ಯಾರು ತಂದದ್ದು?"

"ನಾನೇ. ಒಬ್ಬಳೇ," ಎಂದಳು ನೇಯ್ದೆ. ಅವಳ ಸೊಂಟ ನೆಟ್ಟಗಾಗುತ್ತಿರಲಿಲ್ಲ.

"ಅಂಚಿನ ಗುರುತು?"

"ಹಲ್ಲಿ ಓಡಿರ್ಬೇಕು."

ಪಕ್ಕದ ಕೋಣೆಯಲ್ಲಿ ಇವೊನೆ ಅಂಗೈಯ ಬೊಬ್ಬೆ ಮುಚ್ಚಿಕೊಂಡು ಕೂತಿದ್ದಳು. "ನಾನೇ ಸಾಹೇಬ್ರೇ. ಅಕ್ಕನ್ನ ನೋಡಿ ಎಷ್ಟು ಕಾಲ ಆಯ್ತೋ ಏನೋ."

"ಅವರು ಎಲ್ಲ ಹೇಳಿದ್ರು."

"ಹೇಳೋಳಲ್ಲ ಅವಳು! ನಿನ್ನೆ ತಾನೇ..." ಇವೊನೆ ತುಟಿ ಕಚ್ಚಿದಳು.

"ನಿನ್ನೆ ಏನು?"

ಅವಳು ಬೊಬ್ಬೆಯ ಮೇಲಿಟ್ಟಿದ್ದ ಕೈ ತೆಗೆದಳು. "ಚರ್ಚಲ್ಲಿ ಪೂಜೆ ಆದಾಗ ಪಕ್ಕದವರ ಕೈ ಹಿಡಿದು 'ಶಾಂತಿ' ಅನ್ಬೇಕಲ್ಲ. ಅದಕ್ಕೆ ಗಂಡಂದಿರೂ ಬೇಡ ಅನ್ನೋ ಹಾಗಿಲ್ಲ. ಅಕ್ಕ ಕೈ ಹಿಡಿದು ಶಾಂತಿ ಅನ್ಲಿಲ್ಲ. 'ಮ್ಯಾಚ್ ಹೊತ್ತಿಗೆ ಬಾ, ಹಾರೆ ತಾ' ಅಂದ್ಳು."

"ಅಂಚು ಒತ್ತಿದ್ದು ಯಾಕಮ್ಮಾ? ಅದಿಲ್ದಿದ್ರೆ ಸಿಗ್ತಾನೇ ಇರ್ಲಿಲ್ಲ."

"ಅವಳು ಲಟ್ಟಿಸಿ ಬಿಟ್ಳು. ಒತ್ತದೆ ಬಿಡೋಕೆ ಮನಸ್ಸು ಬರ್ಲಿಲ್ಲ."

ಸಂಜೆ ನಾಲ್ಕಕ್ಕೆ ಬಂಧನವಾಯಿತು. ಠಾಣೆಯಲ್ಲಿ ಹೆಂಗಸರಿಗಿದ್ದದ್ದು ಒಂದೇ ಸೆಲ್, ಒಂದೇ ಬೆಂಚು. ಅಕ್ಕತಂಗಿಯರು ಮೊದಲು ಒಂದೊಂದು ತುದಿಯಲ್ಲಿ ಕೂತರು. ಆಮೇಲೆ ಜುಸಾರಾ ಇಣುಕಿದಾಗ, ನೇಯ್ದೆ ತಂಗಿಯ ಅಂಗೈಯ ಬೊಬ್ಬೆಗೆ ಊದುತ್ತ, "ಹಿಟ್ಟಿಗೆ ಎಷ್ಟು ನೀರು ಹಾಕ್ತಿದೀಯೇ ಮಾರಾಯ್ತಿ? ಊರಿಗೆ ಊರೇ ದವಡೆ ನೋವು ಅಂತಿದೆ," ಎನ್ನುತ್ತಿದ್ದಳು. ಇವೊನೆ ಕಣ್ಣೀರು ಬರುವಷ್ಟು ನಗುತ್ತಿದ್ದಳು.

ಅಷ್ಟರಲ್ಲಿ ಗಂಡಂದಿರಿಬ್ಬರೂ ತಂತಮ್ಮ ಧ್ವನಿವರ್ಧಕದ ಕಾರುಗಳಲ್ಲಿ ಬಂದು, ಮೈಕು ಹಿಡಿದೇ ಇಳಿದರು.

"ಜಾಮೀನು ನಾನು ಕೊಡ್ತೀನಿ!" ಎಂದ ಜೆನೇಜಿಯೊ.

"ಮೊದಲು ಬಂದೋನು ನಾನು!" ಎಂದ ವಾಂಡರ್ಲೇ.

ಒಳಗಿನಿಂದ ನೇಯ್ದೆಯ ದನಿ ಬಂತು. "ಏನೂ ಅವಸರ ಇಲ್ಲ ಇನ್‌ಸ್ಪೆಕ್ಟ್ರೇ. ಇವತ್ತು ರಾತ್ರಿ ಇಲ್ಲೇ ಇರ್ತೀವಿ."

"ಯಾಕಮ್ಮಾ, ಇಷ್ಟೆಲ್ಲ ಯಾಕೆ ಮಾಡಿದ್ರಿ?" ಒದಿಲೋನ್ ಸರಳುಗಳ ಬಳಿ ಹೋಗಿ ಮೆಲ್ಲಗೆ ಕೇಳಿದ.

ಅವಳು ತಂಗಿಯ ಕೈ ಬಿಡಲಿಲ್ಲ. "ಚುನಾವಣೇಲಿ ಯಾರಾದ್ರೂ ಗೆಲ್ಲಲಿ. ಸೋತೋನ ಹೆಂಡ್ತಿ ಆಮೇಲೆ ಗೆದ್ದೋನ ಹೆಂಡ್ತಿ ಪಕ್ಕ ಕೂತು ಹಿಟ್ಟು ನಾದ್ತಾಳಾ? ಆ ಗುಂಡಿ ಇರೋವರೆಗೂ ಇವರ ಜಗಳ ನಿಲ್ಲಲ್ಲ. ಜಗಳ ನಿಲ್ದೆ ನಮ್ಮ ಅಂಗಡಿ ತೆರೆಯಲ್ಲ. ಅದಕ್ಕೇ ಮುಚ್ಚಿದ್ವಿ."

ಒದಿಲೋನ್ ವರದಿಯಲ್ಲಿ ಕಾರಣ 'ಕೌಟುಂಬಿಕ' ಎಂದಷ್ಟೇ ಬರೆದ. ಒಳಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದ. ಹೊರಗೆ ಬಂದು ಇಬ್ಬರ ಮೈಕುಗಳನ್ನೂ ಕಿತ್ತು ಮೇಜಿನ ಖಾನೆಗೆ ಹಾಕಿ, ಷಡ್ಡಕರಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಒತ್ತೊತ್ತಾಗಿ ಕೂರಿಸಿದ.

"ಅವರು ಹೊರಡೋಣ ಅನ್ನೋವರೆಗೂ," ಎಂದ, "ನೀವಿಬ್ರೂ ಇಲ್ಲೇ ಕಾಯ್ತಿರಿ."