ಬೇರುಗನ್ನಡಿ

ಡಾ. ಮೆಹರುನ್ನೀಸಾ ಸವಣೂರ ಗುಂಡಿ ಒತ್ತಿದ್ದೇ ತಡ, ವರದಾ ವಿಶ್ವವಿದ್ಯಾಲಯದ ಆಡಳಿತ ಭವನದ ಗೋಡೆ ಪೂರ್ತಿ ಬೇರುಗಳ ಚಿತ್ರದಿಂದ ತುಂಬಿಹೋಯಿತು. ಮೇಲೆ ಒಂದೇ ಚುಕ್ಕೆ: ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಸುಗೂಸುಗಳಿಗೆ ಔಷಧಿಯ ಪ್ರಮಾಣ ಲೆಕ್ಕಹಾಕುವ ತಂತ್ರಾಂಶ. ಅದರ ಕೆಳಗೆ, ಅದು ಆತುಕೊಂಡಿರುವ ಸಾವಿರದ ನಾನೂರು ಪುಟ್ಟ ತಂತ್ರಾಂಶಗಳು. ಒಂದೊಂದರ ಪಕ್ಕದಲ್ಲೂ ಅದನ್ನು ನೋಡಿಕೊಳ್ಳುವವರ ಹೆಸರು. ಎಲ್ಲವೂ ಮುಕ್ತ ತಂತ್ರಾಂಶಗಳೇ. ಅಂದರೆ ಬರೆದವರು ಒಳಗಿನದನ್ನೆಲ್ಲ ತೆರೆದಿಟ್ಟು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಲೋಕಕ್ಕೆ ಬಿಟ್ಟುಕೊಟ್ಟಂಥವು. ನೋಡಿಕೊಳ್ಳುವವರ ಕೈ ಚುರುಕಾಗಿದ್ದರೆ ಬೇರು ಹಸಿರು, ಸೋಲುತ್ತಿದ್ದರೆ ಕಂದು. ಈ ಯಂತ್ರವನ್ನು ಕಂಡುಹಿಡಿದ ಪ್ರಾಧ್ಯಾಪಕಿ ಮೆಹರುನ್ನೀಸಾ ಅದಕ್ಕಿಟ್ಟ ಹೆಸರು ಬೇರುಗನ್ನಡಿ.

ಹಣಕಾಸು ಅಧಿಕಾರಿ ಈರಪ್ಪ ಹೂಗಾರ ಬಾಯಿ ಬಿಟ್ಟುಕೊಂಡು ನಿಂತರು. ೨೦೫೬ನೇ ಇಸವಿ, ಅವರ ನೌಕರಿಗೆ ಮೂವತ್ನಾಲ್ಕು ವರ್ಷ, ನಿವೃತ್ತಿಗೆ ಇನ್ನು ಎರಡೇ ತಿಂಗಳು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಪ್ರೊಫೆಸರುಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದುದು ಇವರನ್ನೇ.

“ಅಬ್ಬಬ್ಬಾ! ಇಷ್ಟ್ ಮಂದಿ ನಮಗ ದುಡೀಲಿಕ್ಕತ್ತಾರೇನ್ರಿ?”

“ಒಂದು ಪೈಸಾ ಇಲ್ದ ದುಡೀಲಿಕ್ಕತ್ತಾರ್ರಿ ಸರ. ಕೆಳಗ ನೋಡ್ರಿ.”

ಕೆಳಗೊಂದು ಬೇರು ಕಡುಗಂದು. ಕಾರವಾರದ ಫಿಲೋಮಿನಾ ಫರ್ನಾಂಡಿಸ್ ಎಂಬಾಕೆಯದು. ಹಗಲು ದೋಣಿಗಳ ಎಂಜಿನ್ ರಿಪೇರಿ ಮಾಡುತ್ತ, ಬಿಡುವಿನಲ್ಲಿ ಹತ್ತೊಂಬತ್ತು ವರ್ಷ ಈ ತಂತ್ರಾಂಶವನ್ನು ಒಬ್ಬಳೇ ಸಾಕಿದ ಮಹಾತಾಯಿ. ಬೇರೆ ಬೇರೆ ತಕ್ಕಡಿಗಳು ಹೇಳುವ ಕೂಸಿನ ತೂಕವನ್ನು ಒಂದೇ ಅಳತೆಗೆ ತರುವುದು ಅದರ ಕೆಲಸ. ಇನ್ನು ಒಂಬತ್ತು ದಿನಕ್ಕೆ ನಿಲ್ಲಿಸುತ್ತೇನೆ, ಹೊಟ್ಟೆಪಾಡಿಗೆ ಹಡಗಿನ ಕೆಲಸಕ್ಕೆ ಹೊರಟಿದ್ದೇನೆ ಎಂದು ಆಕೆ ಪ್ರಕಟಿಸಿಬಿಟ್ಟಿದ್ದಳು. ಆಮೇಲೆ ಅದರಲ್ಲೊಂದು ತಪ್ಪು ನುಸುಳಿದರೆ ಹಿಡಿಯುವವರಿಲ್ಲ, ಕೂಸಿನ ಔಷಧಿ ಹೆಚ್ಚುಕಡಿಮೆ ಆದೀತು.

“ಹಂಗಾದ್ರ ಆ ತಾಯಿಗೆ ರೊಕ್ಕ ಕೊಡೋಣಲ್ರಿ,” ಎಂದರು ಈರಪ್ಪ. ಅವರ ಕಚೇರಿ ತನಗೆ ಗೊತ್ತಿದ್ದುದನ್ನೇ ಮಾಡಿತು: ಮೂರು ಕೊಟೇಷನ್ ಕರೆಯಿತು. ಎರಡು ಕಂಪನಿಗಳು ನಲವತ್ತು ಲಕ್ಷದ ಮೇಲೆ ಬರೆದವು. ಫಿಲೋಮಿನಾ ಪ್ರಾಮಾಣಿಕಳಾಗಿ, ‘ಇದು ಯಾವತ್ತೂ ಉಚಿತ. ದರ: ಸೊನ್ನೆ’ ಎಂದು ಬರೆದಳು. ಕಡಿಮೆ ದರದವರಿಗೇ ಕೆಲಸ ಎನ್ನುವುದು ನಿಯಮ. ಆರನೆಯ ದಿನ ಆಕೆಗೆ ಆದೇಶ ಹೋಯಿತು: ಸೊನ್ನೆ ರೂಪಾಯಿಗೆ ಕೆಲಸ ಮುಂದುವರಿಸತಕ್ಕದ್ದು, ಭದ್ರತಾ ಠೇವಣಿ ಕಟ್ಟತಕ್ಕದ್ದು!

ಮೆಹರುನ್ನೀಸಾ ಆ ಆದೇಶ ಹಿಡಿದುಕೊಂಡೇ ಈರಪ್ಪನವರ ಕೋಣೆಗೆ ನುಗ್ಗಿದರು. “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅಂತಾರಲ್ರಿ ಸರ, ಅದನ್ನ ಲೆಟರ್‌ಹೆಡ್ ಮ್ಯಾಲೆ ಅಚ್ಚು ಹಾಕಿ ಕಳ್ಸೀರಿ!”

ಈರಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. “ನಾ ಏನ್ ಮಾಡ್ಲಿ ಮೇಡಂ? ಬಿಟ್ಟಿ ಸಿಗೋದಕ್ಕ ರೊಕ್ಕ ಕೊಟ್ಟೆ ಅಂದ್ರ ಆಡಿಟ್‌ನವರು ನನ್ನ ಪಿಂಚಣಿಗೇ ಕೈ ಹಾಕ್ತಾರ. ಅಲ್ಲಾ, ಬರದು ಮುಗಿಸಿದ್ದನ್ನ ಆಕಿ ಮತ್ತ ದಿನಾ ಏನ್ ಮಾಡ್ತಾಳ?”

“ದೇಶದೇಶದಿಂದ ಮಂದಿ ಹೊಸಾದು ಬರದು ಕಳಿಸ್ತಾರ್ರಿ, ತಿಂಗಳಿಗೆ ಮುನ್ನೂರು. ಒಂದೊಂದನ್ನೂ ಓದಿ, ತಪ್ಪಿದ್ರ ಹಿಂದಕ್ಕ ಕಳಿಸ್ತಾಳ, ಸರಿ ಇದ್ರ ಸೇರಿಸ್ತಾಳ.”

ಈರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಕೆಳಗಿನ ಸಭಾಂಗಣದಲ್ಲಿ ಅವತ್ತು ಪದವಿ ಪರೀಕ್ಷೆಯ ಮೌಲ್ಯಮಾಪನ ನಡೆದಿತ್ತು. “ಪೇಪರ್ ನೋಡೋ ಮಾಸ್ತರಗೋಳಿಗೆ ನಾವು ಕೊಟೇಷನ್ ಕೇಳ್ತೀವೇನ್ರಿ? ಪೇಪರಿಗೆ ಇಷ್ಟು ಅಂತ ಗೌರವಧನ ಕೊಡ್ತೀವಿ! ಆಕಿ ಮಾಡೋದು ಅದನ್ನ ಅಲ್ಲೇನು?”

ಟಿಪ್ಪಣಿಯನ್ನು ಸ್ವತಃ ಬರೆದರು: ಫಿಲೋಮಿನಾ ಫರ್ನಾಂಡಿಸ್, ಬಾಹ್ಯ ಮೌಲ್ಯಮಾಪಕರು. ಆಡಿಟ್‌ನವರು ನೆನಪಾದರು, ಆದರೂ ಸಹಿ ಹಾಕಿದರು. ಎಂಥಾ ಗಂಡೆದೆ ಅಂತೀರಿ!

ಸಂಜೆ ಕಾರವಾರದಿಂದ ಕರೆ ಬಂತು. “ಹತ್ತೊಂಬತ್ತು ವರ್ಷದಲ್ಲಿ ನಾನು ಏನು ಮಾಡ್ತೇನೆ ಅಂತ ಕೇಳಿದವರು ನೀವೇ ಮೊದಲು, ಸರ್. ಹಡಗಿನವರಿಗೆ ಬರೋದಿಲ್ಲ ಅಂತ ಹೇಳಿಬಿಟ್ಟೆ.” ಒಂಬತ್ತನೆಯ ದಿನ ಬೇರು ಹಸಿರಾಗಿತ್ತು.

ಆಡಿಟ್ ಆಕ್ಷೇಪಣೆ ಬಂದೇ ಬಂತು. ಈರಪ್ಪನವರ ಪಿಂಚಣಿ ಹನ್ನೊಂದು ತಿಂಗಳು ತಡವಾಯಿತು. ಅಷ್ಟರಲ್ಲಿ ಬೇರೆ ಆರು ವಿಶ್ವವಿದ್ಯಾಲಯಗಳು ಅದೇ ಟಿಪ್ಪಣಿಯನ್ನು ನಕಲು ಮಾಡಿಕೊಂಡು ನಿಯಮ ಮಾಡಿದವು ಎನ್ನುವುದು ಬೇರೆ ಮಾತು.

ಅದಕ್ಕೂ ಮೊದಲು, ನೌಕರಿಯ ಕಡೆಯ ದಿನ, ಈರಪ್ಪ ತಮ್ಮ ಕಚೇರಿಯ ಬೇರುಗಳನ್ನು ತೋರಿಸಲು ಕೇಳಿದರು. ಎಲ್ಲಕ್ಕಿಂತ ಕೆಳಗೆ ಒಂದು ಬೇರು ಪೂರ್ತಿ ಒಣಗಿತ್ತು. ಸಂಬಳದ ಪಟ್ಟಿ ಮಾಡುವ ತಂತ್ರಾಂಶ. ಅದನ್ನು ಬರೆದವನು ಕೊನೆಯ ಸಲ ಮುಟ್ಟಿದ್ದು ೨೦೨೬ರಲ್ಲಿ. ಆ ವರ್ಷ ಈರಪ್ಪ ಇದೇ ಕಚೇರಿಯಲ್ಲಿ ಗುಮಾಸ್ತರಾಗಿ ಅದರಲ್ಲೇ ಪಟ್ಟಿ ಮಾಡುತ್ತಿದ್ದರು. ಗೋಡೆಯ ಮುಂದೆ ಅವರ ಕಣ್ಣು ತುಂಬಿಬಂತು.

“ಆಗ ಬೇರುಗನ್ನಡಿ ಇರಲಿಲ್ಲಲ್ರಿ ಸರ,” ಎಂದರು ಮೆಹರುನ್ನೀಸಾ. “ನಿಮಗರ ಹೆಂಗ ಗೊತ್ತಾಗಬೇಕು?”

“ಗೊತ್ತಿತ್ರಿ ಮೇಡಂ,” ಎಂದರು ಈರಪ್ಪ. “ದಿನಾ ಮುಂಜಾನೆ ಅದನ್ನ ತೆರದ ಕೂಡ್ಲೆ ಮೊದಲ ಅವನ ಹೆಸರ ಬರ್ತಿತ್ತು. ಕೆಳಗ ಕೈಲಾದ ನೆರವು ಕಳಿಸ್ರಿ ಅಂತ ವಿಳಾಸನೂ ಇತ್ತು. ನಾ ಅದನ್ನ ಮುಚ್ಚಿ ಮುಂದಕ್ಕ ಹೋಗ್ತಿದ್ದೆ.”