ನ್ಯಾನೋ ರಸ್ತೆಗೆ ನಾಲ್ಕು ಗುಂಡಿ

"ತಾತಾ, ಬೇಡ! ರೋಡಿಗೆ ಹಾರೆ ಹಾಕ್ಬೇಡಿ ಅನ್ನಿ!"

ಸಮನ್ವಿತಾ ಗೇಟಿನಿಂದಲೇ ಕೂಗಿದಳು. ಅಷ್ಟರಲ್ಲಿ ಚಪ್ಪರ ಹಾಕುವ ಕುಮಾರ್, ತಾತನ ಹಾರೆ ಎತ್ತಿ ಒಂದೇಟು ಹಾಕಿಯೇಬಿಟ್ಟ. ಠಣ್! ಹೊಸ ರಸ್ತೆ ಜಗ್ಗಲಿಲ್ಲ.

"ಏನ್ ಗಟ್ಟಿ ಇದೆ ಸಾರ್ ಇದು!" ಎಂದು ಕೈ ಕೊಡವಿದ.

"ಗಟ್ಟಿ ಇರ್ದೆ ಇರುತ್ತೇನಪ್ಪ? ನ್ಯಾನೋ ಹಾಕಿದ್ದಾರೆ! ಇನ್ನೂ ಜೋರಾಗಿ ಹೊಡಿ" ಎಂದರು ತಾತ ಸುಂದರೇಶ, ಹೆಮ್ಮೆಯಿಂದ.

ವಿದ್ಯಾರಣ್ಯಪುರಂನ ಆ ಬೀದಿಗೆ ಈ ರಸ್ತೆ ಬಂದು ಇಪ್ಪತ್ತು ದಿನವಾಗಿತ್ತಷ್ಟೆ. ತಾತ ಆರು ವರ್ಷ ಅರ್ಜಿ ಬರೆದು ಬರೆದು ತರಿಸಿದ ರಸ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಡಾಂಬರಿಗೆ ಬೆರೆಸಿದ್ದರು. ನೀರು ಸುಲಭವಾಗಿ ಒಳಗಿಳಿಯುವುದಿಲ್ಲ, ಬಿಸಿಲಿಗೆ ಬೇಗ ಬಿರುಕು ಬಿಡುವುದಿಲ್ಲ, ಪದೇ ಪದೇ ಡಾಂಬರು ಕಾಯಿಸಿ ಹೊಗೆ ಎಬ್ಬಿಸಬೇಕಿಲ್ಲ. ಇದನ್ನೆಲ್ಲ ಸಮನ್ವಿತಾ ಬಾಯಿಪಾಠ ಮಾಡಿದ್ದಳು. ಇವತ್ತು ಹತ್ತು ಗಂಟೆಗೆ ರಂಜನಿ ಮಿಸ್ ಇಡೀ ಐದನೇ ಕ್ಲಾಸನ್ನು ಈ ರಸ್ತೆ ನೋಡಲು ಕರೆತರುವವರಿದ್ದರು. ವಿವರಿಸಬೇಕಾದವಳು ಅವಳೇ.

"ತೂತು ಮಾಡಿದ್ರೆ ನೀರು ಒಳಗೆ ಹೋಗುತ್ತೆ ತಾತ. ರೋಡೆಲ್ಲ ಹಾಳಾಗುತ್ತೆ."

"ನಾಲ್ಕೇ ಗುಂಡಿ ಕಣಮ್ಮ. ನಿಮ್ಮತ್ತೆ ಮದುವೆ, ಬಾಗಿಲಲ್ಲಿ ಚಪ್ಪರ ಬೇಡ್ವಾ?"

ಆ ಬೀದಿಯಲ್ಲಿ ಎಲ್ಲ ಮದುವೆಗೂ ಕಂಬ ನೆಟ್ಟಿದ್ದು ರಸ್ತೆಯಲ್ಲೇ. ಕಂಬ ಕಿತ್ತ ಮೇಲೆ ಗುಂಡಿ ಮುಚ್ಚಿದ ಪುಣ್ಯಾತ್ಮರು ಯಾರೂ ಇಲ್ಲ. ಆಮೇಲೆ ಅದೇ ಗುಂಡಿಗಳ ಬಗ್ಗೆ ಅರ್ಜಿ ಬರೆಯುವುದು ದೊಡ್ಡವರ ಕೆಲಸ.

ಹತ್ತಕ್ಕೆ ಮಕ್ಕಳು ಬಂದರು. ಕುಮಾರ್ ಕಂಬ ತರಲು ಹೋಗಿದ್ದ. ನಾಲ್ಕು ಗುಂಡಿಗಳೂ ಬಾಯಿ ತೆರೆದುಕೊಂಡಿದ್ದವು. ಸಮನ್ವಿತಾ "ನ್ಯಾನೋ..." ಎನ್ನುವಷ್ಟರಲ್ಲಿ ಅವಳ ಕ್ಲಾಸಿನ ಗಗನ ಕಿಸಕ್ಕನೆ ನಕ್ಕ.

"ಇದೇನಾ ನಿನ್ ಸೂಪರ್ ರೋಡು? ಆಗ್ಲೇ ಗುಂಡಿ ಬಿದ್ದೋಗಿದೆ!"

ಎಲ್ಲರೂ ನಕ್ಕರು. ತಾತ ಮುಂದೆ ಬಂದರು.

"ಕಳಪೆ ಕೆಲಸ ಮೇಡಮ್. ಈ ಕಂಟ್ರಾಕ್ಟರುಗಳು ಎಲ್ಲಿ ನೆಟ್ಟಗೆ ಮಾಡ್ತಾರೆ?"

ಸಮನ್ವಿತಾಳ ಕಿವಿ ಬಿಸಿಯಾಯಿತು. ಅವಳು ತಾತನ ಮುಖ ನೋಡಿದಳು. ತಾತ ಆಕಾಶ ನೋಡಿದರು.

"ಇಲ್ಲ ಮಿಸ್, ರೋಡು ಚೆನ್ನಾಗೇ ಇದೆ. ಗುಂಡಿ ತೋಡ್ಸಿದ್ದು ನಮ್ಮನೆಯೋರೇ. ಅತ್ತೆ ಮದುವೆ ಚಪ್ಪರಕ್ಕೆ."

ಈಗ ಯಾರೂ ನಗಲಿಲ್ಲ. ತಾತನ ಮುಖ ಸಪ್ಪಗಾಯಿತು. ಅವಳಿಗೆ ಪಾಪ ಅನ್ನಿಸಿತು. ಆದರೂ ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಅಷ್ಟರಲ್ಲಿ ಎದುರುಮನೆ ಮಂಗಳಮ್ಮ ಬಂದರು.

"ಸುಂದರೇಶಣ್ಣ, ಬರೋ ವಾರ ಮೊಮ್ಮಗನ ನಾಮಕರಣ. ನಿಮ್ಮ ಹಾರೆ ಸ್ವಲ್ಪ ಕೊಡ್ತೀರಾ? ನಾವೂ ರೋಡಲ್ಲೇ ಕಂಬ ನೆಡ್ಬೇಕು."

ತಾತ ಮೊಮ್ಮಗಳತ್ತ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಹಾರೆ ಎಲ್ಲೋ ಕಳ್ದೋಯ್ತು ಕಣಮ್ಮ."

ಹಾರೆ ಕಾಂಪೌಂಡ್ ಗೋಡೆಗೆ ಒರಗಿಕೊಂಡೇ ಇತ್ತು. ಸಮನ್ವಿತಾ ಎರಡು ಹೆಜ್ಜೆ ಸರಿದು, ಮಂಗಳಮ್ಮನಿಗೆ ಅದು ಕಾಣದಂತೆ ಅಡ್ಡ ನಿಂತಳು.