ಪ್ರಸ್ಥಾನದ ಪೆಟ್ಟಿಗೆ

2009ರ ಏಪ್ರಿಲ್ 18, ಶನಿವಾರ. ಬೆಳಿಗ್ಗೆ 10:40ಕ್ಕೆ ಅಮೆರಿಕದ ಕೆಂಡಲ್ ಪಾರ್ಕ್‌ನಿಂದ ಠಾಣೆಗೆ ಫೋನ್ ಬಂತು. ರೂಟ್ ಒನ್ ಹೆದ್ದಾರಿಯಲ್ಲಿ ಮೋಟೆಲ್ ನಡೆಸುವ ಮಹಾಬಲ ಎಂಬವರ ಮನೆಯಲ್ಲಿ ಕಳವು. ಹೋದದ್ದು ಗಂಡ ಹೆಂಡತಿಯ ಎರಡು ಇಂಡಿಯನ್ ಪಾಸ್‌ಪೋರ್ಟ್, ಅವುಗಳಲ್ಲಿದ್ದ ಫ್ರಾನ್ಸ್ ವೀಸಾ, ರೋನ್ ನದಿಯ ಹಡಗಿನ ಎರಡು ಟಿಕೆಟ್. ನೆವಾರ್ಕ್‌ನಿಂದ ವಿಮಾನ ಮಂಗಳವಾರ ಸಂಜೆ.

ಡಿಟೆಕ್ಟಿವ್ ಸುಜಿತ್ ಫೋನ್ ಇಡುವ ಮೊದಲೇ ಕಾರಿನ ಕೀಲಿ ಕೈಗೆತ್ತಿಕೊಂಡಿದ್ದ. ಠಾಣೆಯಲ್ಲಿ ಕೂತರೆ ಅವನಿಗೆ ಕುರ್ಚಿ ಸುಡುತ್ತಿತ್ತು. ಟೌನ್‌ಶಿಪ್‌ನಲ್ಲಿ ದುಡ್ಡಿಲ್ಲ, ತನಿಖಾ ವಿಭಾಗದಿಂದ ಇಬ್ಬರನ್ನು ತೆಗೆಯುತ್ತಾರೆ, ಪಟ್ಟಿ ಬುಧವಾರ ಬರುತ್ತದೆ ಎಂದು ಸುದ್ದಿ. ಯಾರನ್ನು ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ.

ಇಂಥ ದೂರಿಗೆ ಇಲ್ಲಿ ಇನ್ಸಿಡೆಂಟ್ ರಿಪೋರ್ಟ್ ಅನ್ನುತ್ತಾರೆ. ಆದರೆ ಸುಜಿತ್‌ನ ಅಜ್ಜ ಮೈಸೂರಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದವರು. ಹನ್ನೊಂದನೇ ವಯಸ್ಸಿಗೆ ಅಮೆರಿಕಕ್ಕೆ ಬಂದರೂ ಅವನ ತಲೆಯೊಳಗೆ ಎಫ್‌ಐಆರ್, ಪಂಚನಾಮೆ ಅನ್ನುವ ಮಾತುಗಳೇ ಓಡಾಡುತ್ತವೆ. ಜೊತೆಗಿದ್ದ ಆಫೀಸರ್ ಟೋನಿಗೆ ಇವೆಲ್ಲ ತಮಾಷೆ.

11:05ಕ್ಕೆ ಸ್ಥಳ ಪರಿಶೀಲನೆ. ಬಾಗಿಲು ಒಡೆದಿಲ್ಲ, ಕಿಟಕಿ ಜರುಗಿಲ್ಲ. ಬೆಡ್‌ರೂಮಿನ ಕಪಾಟಿಗೆ ಬೀಗ ಹಾಕಿದ್ದು ಹಾಕಿದಂತೆಯೇ ಇದೆ.

"ಎಂತ ಮಾರಾಯ್ರೆ, ಪಾಸ್‌ಪೋರ್ಟಿಗೆ ಕಾಲು ಬಂತಾ?" ಮಹಾಬಲ ಕೋಣೆಯಿಂದ ಕೋಣೆಗೆ ಸುತ್ತುತ್ತಿದ್ದರು. "ಕಾಪಿ ತೆಗಿಯುವ ಅಂತ ಬೆಳಿಗ್ಗೆ ನೋಡಿದೆ, ಇಲ್ಲ. ಹೊಸದು ಮಾಡಿಸ್ಲಿಕ್ಕೆ ತಿಂಗಳುಗಟ್ಲೆ ಬೇಕು. ಇವಳ ಕಣ್ಣು ಅಷ್ಟು ದಿನ ಕಾಯ್ಲಿಕ್ಕಿಲ್ಲ."

ಹೆಂಡತಿ ಸ್ವರ್ಣಲತಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಎರಡು ವರ್ಷದಿಂದ ದೃಷ್ಟಿ ಸವೆಯುತ್ತಿದೆ. ಚಳಿಗಾಲದ ಹೊತ್ತಿಗೆ ನೆರಳು ಬೆಳಕು ಬಿಟ್ಟು ಬೇರೇನೂ ಕಾಣದು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅದಕ್ಕೆ ಮೊದಲು ನದಿಯ ಎರಡು ದಡದ ದ್ರಾಕ್ಷಿ ತೋಟಗಳನ್ನು ಹಡಗಿನಲ್ಲಿ ಕೂತು ನೋಡಬೇಕೆಂಬುದೊಂದೇ ಆಸೆ. ಮಾರುಕಟ್ಟೆ ಕುಸಿದು ಹಡಗಿನವರು ಒಂದು ಟಿಕೆಟ್ಟಿನ ಬೆಲೆಗೆ ಎರಡು ಕೊಟ್ಟಾಗ ಮಹಾಬಲ ಹಿಂದೆಮುಂದೆ ನೋಡದೆ ಬುಕ್ ಮಾಡಿದ್ದರು.

ಪಕ್ಕದ ಮನೆಯನ್ನು ಬ್ಯಾಂಕು ವಶಪಡಿಸಿಕೊಂಡು ಆರು ತಿಂಗಳು. ಅಲ್ಲಿ ತಾಮ್ರದ ಪೈಪು ಕಿತ್ತವರದೇ ಕೆಲಸ ಎಂದು ಟೋನಿ ಆಗಲೇ ತೀರ್ಮಾನಿಸಿದ್ದ. ಸುಜಿತ್ ನೋಡುತ್ತಿದ್ದದ್ದು ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿದ್ದ ನೀಲಿ ಸೂಟ್‌ಕೇಸುಗಳನ್ನು. ದೊಡ್ಡದು, ಮಧ್ಯಮ, ಅದಕ್ಕಿಂತ ಚಿಕ್ಕದು. ಇಂಥ ಸೆಟ್ಟು ಅವನ ಮನೆಯಲ್ಲೂ ಇತ್ತು, ಅದರಲ್ಲಿ ನಾಲ್ಕು. ನೀರು ಕೇಳುವ ನೆಪದಲ್ಲಿ ಅವನು ಅಡುಗೆಮನೆಗೆ ಹೋದ.

"ಆಂಟಿ, ಪುಟ್ಟ ಪೆಟ್ಟಿಗೆ ಎಲ್ಲಿ?"

ಸ್ವರ್ಣಲತಾ ನಲ್ಲಿ ತಿರುಗಿಸಿ ಲೋಟಕ್ಕೆ ನೀರು ಹಿಡಿದರು.

"ಹೊರಡೋದು ಮಂಗಳವಾರ. ನಮ್ಮಜ್ಜಿ ಆಗಿದ್ರೆ ಮಂಗಳವಾರ ಹೊಸಿಲು ದಾಟ್ತಿರ್ಲಿಲ್ಲ. ಪ್ರಸ್ಥಾನ ಇಟ್ಟಿದೀರಾ?"

ಸ್ವರ್ಣಲತಾ ಸೆರಗಿನಿಂದ ಮುಖ ಒರೆಸಿಕೊಂಡರು. "ಇವರಿಗೆ ಹೇಳ್ಬೇಡಿ. ನಗ್ತಾರೆ."

ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಒಳ್ಳೆಯ ದಿನವೊಂದರಲ್ಲಿ ಸಾಮಾನಿನ ಒಂದು ಭಾಗವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು; ಪ್ರಯಾಣ ಅಂದೇ ಶುರುವಾದಂತೆ ಲೆಕ್ಕ. ಆ ಗಂಟು ಮತ್ತೆ ಮನೆಯೊಳಗೆ ಬರುವಂತಿಲ್ಲ. ಸಾಮಾನ್ಯವಾಗಿ ಒಂದು ಸೀರೆ, ಹಿಡಿ ಅಕ್ಕಿ ಇಟ್ಟರೆ ಸಾಕು. ಆದರೆ ಈ ಮಹಾತಾಯಿಗೆ ಪಾಸ್‌ಪೋರ್ಟ್ ಇಲ್ಲದೆ ಅದೆಂಥ ಪ್ರಯಾಣ ಅನ್ನಿಸಿದೆ. ಗುರುವಾರ ಅವೆರಡನ್ನೂ ಟಿಕೆಟ್ ಸಮೇತ ಪೆಟ್ಟಿಗೆಗೆ ಹಾಕಿ, ನಾಲ್ಕು ಮನೆ ಆಚೆ ಇರುವ ಕನೀಜ್ ಅವರಲ್ಲಿ ಇಟ್ಟು ಬಂದಿದ್ದಾರೆ. ಇವತ್ತು ಗುಟ್ಟಾಗಿ ಫೋನ್ ಮಾಡಿದರೆ, ಪೆಟ್ಟಿಗೆ ಗ್ಯಾರೇಜಿನಿಂದ ಕಳುವಾಗಿದೆ ಎಂದು ಕನೀಜ್ ಹೇಳಿದ್ದಾರೆ. ಏನು ಮಾಡಬೇಕೆಂದು ತೋಚದೆ ಕೂತಿದ್ದಾಗ ಗಂಡ ಪೊಲೀಸರನ್ನೇ ಕರೆದಿದ್ದಾರೆ.

12:15. ಕನೀಜ್, ಅರವತ್ತೊಂದು ವರ್ಷ, ಮೈಸೂರಿನವರು. ಗಂಡ ಗೌಸ್ ತೀರಿಕೊಂಡು ಐದು ವರ್ಷ, ಮನೆಯಲ್ಲಿ ಒಬ್ಬರೇ. ಟೀ ಮಾಡುತ್ತೇನೆಂದು ಎದ್ದರು, ಸುಜಿತ್ ಬೇಡವೆಂದ.

"ಪೆಟ್ಟಿಗೆ ಎಲ್ಲಿಟ್ಟಿದ್ರಿ?"

"ಗ್ಯಾರೇಜ್‌ನಲ್ಲಿ."

"ಇಲ್ಲ ಅಂತ ಗೊತ್ತಾಗಿದ್ದು?"

"ನೆನ್ನೆ ಸಾಯಂಕಾಲ. ಹ್ಯಾರಿಸನ್‌ಗೆ, ಮಗನ ಮನೆಗೆ ಹೋಗಿದ್ದೆ. ಬಂದು ನೋಡಿದ್ರೆ ದೊಡ್ಡ ಬಾಗಿಲು ತೆರೆದಿತ್ತು."

"ಆಂಟಿಗೆ ನೆನ್ನೆನೇ ಯಾಕೆ ಹೇಳ್ಲಿಲ್ಲ?"

"ಹೆಂಗಪ್ಪಾ ಹೇಳೋದು."

ಟೋನಿ ಗ್ಯಾರೇಜಿಗೆ ಹೋಗಿ ಬಾಗಿಲೆತ್ತಲು ನೋಡಿದ. ಅಲುಗಲಿಲ್ಲ. ಸ್ಪ್ರಿಂಗ್ ತುಕ್ಕು ಹಿಡಿದಿತ್ತು. ಬಾಗಿಲಿನಿಂದ ಗೋಡೆಯವರೆಗೆ ಹೆಣೆದ ಜೇಡರ ಬಲೆಯ ಒಂದೆಳೆಯೂ ಹರಿದಿರಲಿಲ್ಲ. ಆ ಬಾಗಿಲು ತೆರೆದು ಚಳಿಗಾಲವೇ ಕಳೆದಿತ್ತು. ಟೋನಿ ಫೋಟೋ ತೆಗೆದ. ಸುಜಿತ್‌ಗೆ ಸಂತೋಷವಾಗಲಿಲ್ಲ. ಬಲೆ ನೋಡುವ ಮೊದಲೇ ಅವನಿಗೆ ಅನುಮಾನ ಬಂದಿತ್ತು. ಹೀಗೆ ನಂಬಿ ಕೊಟ್ಟ ಪೆಟ್ಟಿಗೆಯನ್ನು ಯಾವ ಮೈಸೂರಿನ ಹೆಂಗಸೂ ಗ್ಯಾರೇಜಿನಲ್ಲಿ ಇಡುವುದಿಲ್ಲ.

ಹೊರಗೆ ಬಂದು ಅವರ ಮಗ ಅತೀಫ್‌ಗೆ ಫೋನ್ ಮಾಡಿದ. ಅತೀಫ್ ಸೀಕಾಕಸ್‌ನ ವೇರ್‌ಹೌಸ್ ಆಫೀಸಿನಲ್ಲಿದ್ದ.

"ಯಾ, ಅಮ್ಮಿ ಟ್ರೇನಲ್ಲಿ ಬಂದಿದ್ರು. ಒಂದು ಬ್ಲೂ ಬ್ಯಾಗ್ ನನ್ನ ಕ್ಲಾಸೆಟ್‌ನಲ್ಲಿಟ್ಟು ಹೋದ್ರು. ಓಲ್ಡ್ ಸ್ವೆಟರ್ಸ್ ಅಂದ್ರು. ಈಸ್ ಎವ್ರಿಥಿಂಗ್ ಓಕೆ?"

ಸಂಜೆ 4:30ಕ್ಕೆ ಹ್ಯಾರಿಸನ್‌ನ ಅಪಾರ್ಟ್‌ಮೆಂಟಿನಲ್ಲಿ, ಅತೀಫ್‌ನ ಒಪ್ಪಿಗೆ ಪಡೆದು ಅವನೆದುರಿಗೇ ಪೆಟ್ಟಿಗೆ ಹೊರಗೆ ತೆಗೆದರು. ಸ್ವರ್ಣಲತಾ ಕೊಟ್ಟಿದ್ದ ಕೀಲಿಯಿಂದ ಬೀಗ ತೆರೆದು ಸುಜಿತ್ ಒಂದೊಂದೇ ಹೇಳಿದ, ಟೋನಿ ಬರೆದುಕೊಂಡ: ಪಾಸ್‌ಪೋರ್ಟ್ ಎರಡು, ಟಿಕೆಟ್ ಎರಡು, ರೇಷ್ಮೆ ಸೀರೆ ಒಂದು, ಕಣ್ಣಿನ ಔಷಧದ ಬಾಟಲಿ ಎರಡು, ಬಟ್ಟೆಯಲ್ಲಿ ಕಟ್ಟಿದ ಅಕ್ಕಿ, ಅರಿಶಿನದ ಕೊಂಬು. ಕೊನೆಯ ಎರಡನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಟೋನಿ ಕೇಳಿದ. ಪಂಚನಾಮೆ ಮುಗಿದಾಗ 4:55. ಅತೀಫ್ ಸಹಿ ಹಾಕಿದ, ಮುಖವೆತ್ತಲಿಲ್ಲ.

ಪಾಸ್‌ಪೋರ್ಟ್ ಸಿಕ್ಕ ಸುದ್ದಿ, ಸಿಕ್ಕ ಜಾಗ ಎರಡನ್ನೂ ಕೇಳಿದ ಸ್ವರ್ಣಲತಾ ಕುರ್ಚಿ ಎಳೆದುಕೊಂಡು ಕೂತರು. ಹಡಗಿನ ಕಂಪನಿಯ ಪುಸ್ತಕವನ್ನು ಎರಡು ವರ್ಷ, ಮಧ್ಯಾಹ್ನ ಮಧ್ಯಾಹ್ನ, ಅವರಿಗೆ ಓದಿ ಹೇಳಿದವರು ಕನೀಜ್. ಲಿಯೋನ್‌ನಿಂದ ಆವಿನ್ಯೋನ್‌ವರೆಗಿನ ಪ್ರತಿ ಊರೂ ಇಬ್ಬರಿಗೂ ಬಾಯಿಪಾಠ. ಕಣ್ಣಿನ ಡಾಕ್ಟರ ಬಳಿಗೆ ಡ್ರೈವ್ ಮಾಡಿದವರೂ ಅವರೇ.

"ಅವರನ್ನೂ ಕರೀಲಿಲ್ವಾ ಆಂಟಿ?"

"ಹೇಗೆ ಕರೆಯುವುದು? ದಿನಾ ವೈನ್ ತೋಟ, ಊಟಕ್ಕೆ ಕೂತ್ರೆ ವೈನ್. ಅವಳು ಐದು ಹೊತ್ತು ನಮಾಜ್ ಮಾಡುವವಳು. ಕರೆದ್ರೆ ಅವಮಾನ ಮಾಡಿದ ಹಾಗಾಗ್ತದೆ ಅಂತ ಇವರೂ ನಾನೂ ಸುಮ್ಮನಾದೆವು."

ಕಂಪ್ಲೇಂಟ್ ವಾಪಸ್ ತೆಗೆದುಕೊಳ್ಳುತ್ತೇನೆಂದು ಮಹಾಬಲ ಹೇಳಿದರು. ಕನೀಜ್ ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟಾಗಿದೆ, ಇನ್ನು ಅದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ ಎಂದ ಸುಜಿತ್. ಹೇಳುವಾಗ ತನ್ನ ಕೆಲಸದ ಮೇಲೆ ಅವನಿಗೇ ಸಿಟ್ಟು ಬಂತು.

6:20ಕ್ಕೆ ಕನೀಜ್ ಅವರ ಬಂಧನ. ಅವರು ಬಾಗಿಲಲ್ಲೇ ಕಾಯುತ್ತಿದ್ದರು, ಸ್ವೆಟರ್ ಹಾಕಿಕೊಂಡು. ಕೋಳ ತೊಡಿಸಬೇಕಾದದ್ದು ನಿಯಮ. ಟೋನಿ ಕಾರಿನೊಳಗೆ ಕೂರಿಸಿದ ಮೇಲೆ ತೊಡಿಸಿದ, ಬೀದಿಯವರಿಗೆ ಕಾಣದಂತೆ.

ಠಾಣೆಯಲ್ಲಿ ಹಕ್ಕುಗಳನ್ನು ಓದಿ ಹೇಳಿದ ಮೇಲೆ, ವಕೀಲರು ಬೇಡವೆಂದು ಕನೀಜ್ ಬರೆದುಕೊಟ್ಟರು. ಸುಜಿತ್ ಪ್ರಶ್ನೆ ಶುರುಮಾಡಿದ.

"ಅವರ ಕಣ್ಣಿನ ವಿಷಯ ಗೊತ್ತಿತ್ತಲ್ವಾ?"

"ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಮಂಗಳವಾರದೊಳಗೆ ವಾಪಸ್ ಕೊಡ್ತಿದ್ರಾ?"

"ಗೊತ್ತಿಲ್ಲಪ್ಪಾ. ಕೊಡ್ಬೇಕು ಅಂತ ನೆನ್ನೆ ಎರಡು ಸಲ ಎದ್ದೆ, ಎರಡು ಸಲ ಕೂತೆ. ಪೆಟ್ಟಿಗೆ ಇಡೋಕೆ ನಮ್ಮನೆ ಆಗುತ್ತೆ ಅಂತ ಬಂದ್ಲಲ್ಲ, ಅವತ್ತಿಂದ ನನಗೆ ಕೂತಲ್ಲಿ ಕೂರೋಕಾಗ್ಲಿಲ್ಲ."

"ವೈನ್ ಊರು, ನಿಮಗೆ ಸರಿಹೋಗಲ್ಲ ಅಂತ ಕರೀಲಿಲ್ವಂತೆ."

"ಸರಿಹೋಗಲ್ಲ, ನಿಜ. ಕರೆದಿದ್ರೂ ನಾನು ಬರಲ್ಲ ಅಂತಿದ್ದೆ."

ಸುಜಿತ್ ಟೈಪ್ ಮಾಡುತ್ತಿದ್ದವನು ತಲೆಯೆತ್ತಿದ.

"ಹಾಗಂತ ಹೇಳೋಕಾದ್ರೂ, ಒಂದ್ಸಲ ನನ್ನ ಕೇಳ್ಬೇಕಿತ್ತಲ್ವಾ?" ಎಂದರು ಕನೀಜ್.